ಹಬ್ಬವಿಲ್ಲದ ವರ್ಷದ ನಾನಖಟಾಯಿ

ಮದುವೆಯಾಗಿ ಧಾರವಾಡದಿಂದ ಪುಣೆಯ ಹತ್ತಿರದ ನಿಗಡಿಗೆ ಬಂದ ಮೊದಲ ವರ್ಷ, ದೀಪಾವಳಿ ಹತ್ತಿರ ಬಂದಾಗ ಅತ್ತೆ ನನ್ನ ಕೈಗೆ ಒಂದು ದೊಡ್ಡ ಸ್ಟೀಲಿನ ಡಬ್ಬಿ ಕೊಟ್ಟು, “ನಡೀ, ಬೇಕರಿಗೆ ಹೋಗಿ ಬರೋಣು” ಅಂದರು. ಡಬ್ಬಿಯಲ್ಲಿ ನಾನಖಟಾಯಿಯ ಹಿಟ್ಟಿತ್ತು. ಹಿಟ್ಟನ್ನು ಬೇಕರಿಗೆ ಒಯ್ಯುವುದೆಂದರೆ ನನಗೆ ವಿಚಿತ್ರ ಅನ್ನಿಸಿತು. ತವರಿನಲ್ಲಿ ನಾವು ಹಬ್ಬಕ್ಕೆ ಕರಿಯುತ್ತಿದ್ದೆವು, ಹುರಿಯುತ್ತಿದ್ದೆವು, ಪಾಕ ಹಿಡಿಯುತ್ತಿದ್ದೆವು. ಬಿಸ್ಕೀಟು ಅಂದರೆ ಅಂಗಡಿಯಿಂದ ತರುವುದು ಅಂತಲೇ ತಿಳಿದವಳು ನಾನು. ಇಲ್ಲಿ ನೋಡಿದರೆ ಬೇಕರಿಯ ಮುಂದೆ ಹೆಂಗಸರ ದೊಡ್ಡ ಸಾಲು, ಎಲ್ಲರ ಕೈಯಲ್ಲೂ ಡಬ್ಬಿ. ಬೇಕರಿಯವರು ಕರ್ರಗಾದ ತಗಡಿನ ಟ್ರೇ ಕೊಡುತ್ತಿದ್ದರು. ಅಲ್ಲೇ ಕಟ್ಟೆಯ ಮೇಲೆ ಕೂತು ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮೇಲೆ ಒಂದೊಂದು ಚಾರೋಳಿ ಇಟ್ಟು, ಟ್ರೇಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಹೆಸರು ಬರೆದು ಕೊಡಬೇಕು. ಅವು ಬೆಂದು ಬರುವ ತನಕ ನಿಂತು ಮಾತಾಡಬೇಕು.

ನನ್ನ ಮರಾಠಿ ಆಗ ಹರಕು ಮುರುಕು. ಪಕ್ಕದವರು ಏನಾದರೂ ಕೇಳಿದರೆ ನಕ್ಕು ಅತ್ತೆಯ ಕಡೆ ನೋಡುತ್ತಿದ್ದೆ. ಅತ್ತೆ ಮಾತ್ರ ಗದಗಿನ ಕಡೆಯವರಾದರೂ, ತಮ್ಮ ಟ್ರೇ ಹಿಂದೆ ಬಿತ್ತು ಅಂದರೆ ಅಲ್ಲಿಯೇ ಹುಟ್ಟಿ ಬೆಳೆದವರ ಹಾಗೆ ಜಗಳಕ್ಕೆ ನಿಲ್ಲುತ್ತಿದ್ದರು. ಬೇಕರಿಯವನಿಗೂ ಅವರನ್ನು ಕಂಡರೆ ಒಂದು ತರಹದ ಸಲಿಗೆ, ಒಂದು ತರಹದ ಅಂಜಿಕೆ.

ಕೆಲವು ವರ್ಷಗಳಾದ ಮೇಲೆ ನನ್ನ ಗಂಡ ಒಂದು ದುಂಡನೆಯ ಅಲ್ಯುಮಿನಿಯಂ ಓವನ್ ತಂದರು. ಮೇಲಿನ ಮುಚ್ಚಳಕ್ಕೆ ಒಂದು ಸಣ್ಣ ಗಾಜಿನ ಕಿಂಡಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ದಪ್ಪ ವಾಯರು. ಅತ್ತೆ ಮೊದಮೊದಲು, “ಇದರಾಗ ಬೆಂದದ್ದಕ್ಕ ಭಟ್ಟಿ ವಾಸನಿ ಬರಂಗಿಲ್ಲ” ಅಂತ ಮುಖ ತಿರುಗಿಸಿದರು. ಆಮೇಲೆ ಅವರೇ ಅದರ ಮುಂದೆ ಮಣೆ ಹಾಕಿಕೊಂಡು ಕೂತು ಕಿಂಡಿಯೊಳಗೆ ಇಣುಕತೊಡಗಿದರು. ನಾನಖಟಾಯಿ ಉಬ್ಬಿ, ಮೈಮೇಲೆ ಸಣ್ಣ ಬಿರುಕು ಬಿಡುವ ಹೊತ್ತಿಗೆ ಸರಿಯಾಗಿ “ಆತು, ತಗಿ” ಅನ್ನುತ್ತಿದ್ದರು. ಅವರ ಲೆಕ್ಕ ತಪ್ಪಿದ್ದು ನಾನು ಕಂಡಿಲ್ಲ. ಕೊನೆಯ ವರ್ಷ ಅವರಿಗೆ ಹಲ್ಲೇ ಇರಲಿಲ್ಲ. ಬೇರೆ ಏನೂ ಸೇರುತ್ತಿರಲಿಲ್ಲ. ಹಾಲಿನಲ್ಲಿ ನೆನೆಸಿದ ನಾನಖಟಾಯಿ ಮಾತ್ರ ಬಾಯಲ್ಲಿ ಕರಗಿಸಿಕೊಂಡು ತಿನ್ನುತ್ತಿದ್ದರು. ಹಬ್ಬವೆಂದು ಕಾಯದೆ ವಾರವಾರವೂ ಮಾಡುತ್ತಿದ್ದೆ. ಆ ಶ್ರಾವಣದಲ್ಲಿ ಅವರು ತೀರಿಕೊಂಡರು.

ಹಿರಿಯರು ಹೋದ ವರ್ಷ ಮನೆಯಲ್ಲಿ ಹಬ್ಬ ಮಾಡುವುದಿಲ್ಲ. ದೀಪಾವಳಿ ಬಂತು. ಮೇಲಿನ ಮನೆಯಿಂದ ಚಕ್ಕುಲಿಯ ವಾಸನೆ, ಎದುರು ಮನೆಯಿಂದ ಬೇಸನ್ ಲಾಡುವಿನ ವಾಸನೆ. ನಮ್ಮ ಅಡಿಗೆಮನೆಯಲ್ಲಿ ಅನ್ನ, ಸಾರು, ಚಪಾತಿ. ಓವನ್ ಅಟ್ಟದ ಮೇಲೆ ಬಟ್ಟೆ ಹೊದ್ದುಕೊಂಡು ಕೂತಿತ್ತು. ಮಕ್ಕಳಿಲ್ಲದ ಮನೆ ನಮ್ಮದು. ಅತ್ತೆಗೆ ಉಣ್ಣಿಸುವುದು, ಮೈ ಒರೆಸುವುದು, ಗುಳಿಗೆ ಕೊಡುವುದು ಅಂತ ಇಡೀ ದಿನ ತುಂಬಿರುತ್ತಿತ್ತು. ಈಗ ಮಧ್ಯಾಹ್ನ ಊಟವಾದರೆ ಮುಂದೇನು ಅಂತ ತಿಳಿಯುತ್ತಿರಲಿಲ್ಲ. ಗಂಡ ಕಾರ್ಖಾನೆಯಿಂದ ಬಂದಾಗ ನಾನು ದೀಪ ಹಚ್ಚದೆ ಕೂತಿದ್ದೆ.

“ಏನಾತು?” ಅಂದರು.

“ಏನೂ ಇಲ್ಲರೀ. ಕೈಗೆ ಕೆಲಸ ಇಲ್ಲ.”

ಅವರು ದೀಪ ಹಚ್ಚಿ, “ನಮಗ ಹಬ್ಬ ಇಲ್ಲ, ಖರೇ. ಮಂದಿಗೆ ಮಾಡಬ್ಯಾಡ ಅಂತ ಯಾರೂ ಹೇಳಿಲ್ಲಲಾ? ಯಾವುದಾದ್ರೂ ಆಶ್ರಮಕ್ಕ ಒಯ್ದು ಕೊಡೋಣು” ಅಂದರು.

ಆ ಮಾತಿನಿಂದ ನನಗೆ ಜೀವ ಬಂದಂತಾಯಿತು. ಆದರೆ ಕೊಡುವುದು ಅಷ್ಟು ಸುಲಭವಾಗಿರಲಿಲ್ಲ. ನಾನಖಟಾಯಿ ಮಾಡಿ, ಡಬ್ಬಿ ತುಂಬಿಕೊಂಡು ಪುಣೆಯೊಳಗಿನ ಒಂದು ದೊಡ್ಡ ಅನಾಥಾಶ್ರಮಕ್ಕೆ ಹೋದೆವು. ಮೇಜಿನ ಹಿಂದೆ ಕೂತಿದ್ದ ಹಿರಿಯರು ಬಹಳ ಸೌಜನ್ಯದಿಂದಲೇ ಹೇಳಿದರು: “ದಿವಾಳಿಗೆ ಕೊಡುವವರು ತುಂಬ ಜನ. ಈ ದಿನಗಳಲ್ಲಿ ನಮ್ಮ ಮಕ್ಕಳು ಸಿಹಿ ತಿಂದು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ಆಷಾಢದಲ್ಲಿ ಬನ್ನಿ, ಆಗ ಯಾರೂ ಬರುವುದಿಲ್ಲ.” ಇನ್ನೊಂದು ಕಡೆ, ವೃದ್ಧಾಶ್ರಮದಲ್ಲಿ, ಮನೆಯಲ್ಲಿ ಮಾಡಿದ ತಿನಿಸು ತೆಗೆದುಕೊಳ್ಳುವುದಿಲ್ಲ ಅಂದರು. ಅಂಗಡಿಯ ಪ್ಯಾಕೆಟ್ಟು ಆಗಬೇಕು, ಒಡೆದಿರಬಾರದು. ತಪ್ಪೇನೂ ಅಲ್ಲ. ಯಾರಿಗಾದರೂ ಹೊಟ್ಟೆ ನೋವು ಬಂದರೆ ಅವರೇ ತಾನೆ ಉತ್ತರ ಕೊಡಬೇಕಾದವರು? ಆದರೂ ಶಿವಾಜಿನಗರದಿಂದ ಲೋಕಲ್ ಗಾಡಿಯಲ್ಲಿ ಮರಳಿ ಬರುವಾಗ ಮೊಣಕಾಲ ಮೇಲಿನ ಡಬ್ಬಿ ನನಗೆ ಭಾರವಾಗಿತ್ತು.

ಕೊನೆಗೆ ದಾರಿ ತೋರಿಸಿದವನು ಅದೇ ಬೇಕರಿಯವನು. ಅತ್ತೆ ಹೋದ ಸುದ್ದಿ ಕೇಳಿ ಪೇಚಾಡಿಕೊಂಡ. ನಾನು ನಡೆದದ್ದನ್ನು ಹೇಳಿದಾಗ, “ಇಲ್ಲೇ ಆಕುರ್ಡಿಯಲ್ಲಿ, ರೈಲು ಹಳಿಯ ಆಚೆ, ಒಬ್ಬಾಕೆ ದಿಕ್ಕಿಲ್ಲದ ಹೆಂಗಸರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಾಳೆ. ಸಂಜೆ ಬಂದು ಉಳಿದ ಪಾವ್ ಒಯ್ಯುತ್ತಾಳೆ. ಅಲ್ಲಿಗೆ ಹಬ್ಬಕ್ಕೂ ಯಾರೂ ಹೋಗುವುದಿಲ್ಲ” ಅಂದ.

ಬೋರ್ಡು ಕೂಡ ಇಲ್ಲದ ಹಳೆಯ ಮನೆ ಅದು. ಎರಡು ದೊಡ್ಡ ಕೋಣೆ, ಹಿಂದೆ ಒಂದು ಪಡಸಾಲೆ, ಅಂಗಳದಲ್ಲಿ ಪೇರಲ ಗಿಡ. ನಡೆಸುತ್ತಿದ್ದವರು ನರ್ಸ್ ಆಗಿ ನಿವೃತ್ತರಾದ ಮರಾಠಿ ಹೆಂಗಸು. ಎಲ್ಲರೂ ಅವರನ್ನು ‘ತಾಯಿ’ ಅನ್ನುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ನನ್ನ ಕನ್ನಡದ ಕಿವಿಗೆ ಮಾತ್ರ ಅದು ಕೊನೆಯ ತನಕ ಅಮ್ಮ ಅಂತಲೇ ಕೇಳಿಸಿತು. ಸ್ಟೇಷನ್ನು, ಬಸ್ ಸ್ಟ್ಯಾಂಡು, ದೇವಸ್ಥಾನದ ಮೆಟ್ಟಿಲು, ಇಂಥಲ್ಲಿ ಸಿಕ್ಕ, ಬುದ್ಧಿ ಸ್ಥಿಮಿತದಲ್ಲಿಲ್ಲದ, ಯಾರೂ ಕೇಳದ ಹೆಂಗಸರನ್ನು ಅವರು ಇಟ್ಟುಕೊಂಡಿದ್ದರು. ಗೋಡೆಗೆ ಒರಗಿ ಕೂತ ಆ ಹೆಂಗಸರ ಕತ್ತರಿಸಿದ ತಲೆಗೂದಲು, ದೊಗಲೆ ನೈಟಿ, ಎಲ್ಲಿಯೋ ನೋಡುವ ಕಣ್ಣು ಕಂಡು ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ತಾಯಿ ಡಬ್ಬಿ ತೆಗೆದು, ಒಂದು ನಾನಖಟಾಯಿ ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. “ಚೆನ್ನಾಗಿ ಆಗಿದೆ. ಮತ್ತೆ ಬರುತ್ತೀರಾ, ಇಲ್ಲ ಇದೇ ಕೊನೆಯಾ?” ಅಂತ ನೇರವಾಗಿ ಕೇಳಿದರು.

“ಬರುತ್ತೇನೆ” ಅಂದೆ.

“ಬರುವುದಾದರೆ ಮಾಡಿ ತರಬೇಡಿ. ಹಿಟ್ಟು ತನ್ನಿ, ಓವನ್ ತನ್ನಿ. ಇವರ ಹೊಟ್ಟೆಗೆ ಹೇಗೋ ಆಗುತ್ತದೆ. ಕೈಗೆ ಏನೂ ಇಲ್ಲ.”

ನಾನೂ ಗಂಡನಿಗೆ ಅದನ್ನೇ ಹೇಳಿದ್ದೆ. ಅದಕ್ಕೇ ಇರಬೇಕು, ಆ ಮನೆ ಆ ಕ್ಷಣದಿಂದ ನನ್ನದಾಯಿತು.

ದೀಪಾವಳಿ ಮುಗಿದ ವಾರದಲ್ಲಿ ಓವನ್ನನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಪಡಸಾಲೆಯಲ್ಲಿ ಚಾಪೆ ಹಾಸಿ, ದೊಡ್ಡ ಪರಾತದಲ್ಲಿ ವನಸ್ಪತಿ ತುಪ್ಪ, ಸಕ್ಕರೆ ಪುಡಿ ಹಾಕಿ ಅಂಗೈಯಿಂದ ತೀಡತೊಡಗಿದೆ. ಬೆಣ್ಣೆಯ ಹಾಗೆ ಹಗುರಾಗುವ ತನಕ ತೀಡಬೇಕು. ಒಬ್ಬೊಬ್ಬರೇ ಸರಿದು ಹತ್ತಿರ ಬಂದರು. ಮೈದಾ, ಸ್ವಲ್ಪ ಕಡಲೆಹಿಟ್ಟು, ಏಲಕ್ಕಿ ಬೆರೆಸಿ ಎಲ್ಲರ ಕೈಗೂ ಒಂದೊಂದು ಮುದ್ದೆ ಕೊಟ್ಟೆ. ಒಬ್ಬಳು ಹಸಿಯದನ್ನೇ ತಿಂದಳು. ಒಬ್ಬಳು ಉಂಡೆ ಕಟ್ಟಿದ್ದನ್ನು ಒಡೆದು ಮತ್ತೆ ಕಟ್ಟಿದಳು. ತುದಿಯಲ್ಲಿ ಒಬ್ಬ ತೆಳ್ಳನೆಯ ಹೆಂಗಸು ಗೋಡೆಯ ಕಡೆ ತಿರುಗಿ ಕೂತು ಏನೋ ಮಾಡುತ್ತಿದ್ದಳು.

“ಆಕೆ ಮದ್ರಾಸಿ ಮಾವಶಿ” ಅಂದರು ತಾಯಿ. ಮಾವಶಿ ಅಂದರೆ ಚಿಕ್ಕಮ್ಮ. “ಶಿವಾಜಿನಗರ ಸ್ಟೇಷನ್ನಿನಲ್ಲಿ ಸಿಕ್ಕಳು, ವರ್ಷಗಳೇ ಆದವು. ಮಾತಾಡುವುದೇ ಇಲ್ಲ. ಎಲ್ಲೋ ಅಪರೂಪಕ್ಕೆ ಗೊಣಗುತ್ತಾಳೆ. ಕಟ್ಟಡದ ಕೆಲಸಕ್ಕೆ ಬಂದ ತೆಲುಗಿನವಳೊಬ್ಬಳನ್ನು ಕರೆದು ಕೇಳಿಸಿದೆ, ತನಗೆ ತಿಳಿಯುವುದಿಲ್ಲ ಅಂದಳು. ಮತ್ತೆ ಯಾರನ್ನು ಕೇಳಲಿ?”

ನಾನು ಮಾವಶಿಯ ಹತ್ತಿರ ಹೋಗಿ ಕೂತೆ. ಅವಳ ಮುಂದೆ ನೆಲದ ಮೇಲೆ ಹಿಟ್ಟಿನ ಒಂದು ಸಣ್ಣ ಗೋಪುರ, ಪಕ್ಕದಲ್ಲಿ ಒಂದು ನವಿಲು. ಇನ್ನೊಂದು ನವಿಲಿನ ಕೊಕ್ಕನ್ನು ಉಗುರಿನಿಂದ ಚೂಪು ಮಾಡುತ್ತಿದ್ದಳು. ಅವನ್ನು ನಾನು ಚಿಕ್ಕಂದಿನಿಂದ ನೋಡಿದವಳು. ನಮ್ಮ ಕಡೆ ದೀಪಾವಳಿ ಆದ ಮೇಲೆ ಗೌರಿ ಹುಣ್ಣಿಮೆ ಬರುತ್ತದೆ. ಅವತ್ತು ಹೆಣ್ಣುಮಕ್ಕಳು ಅಚ್ಚಿನಲ್ಲಿ ಎರೆದ ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಗೌರಿಗೆ ಬೆಳಗಲು ಹೋಗುತ್ತಾರೆ. ಗೋಪುರ, ನವಿಲು, ಆನೆ, ತೇರು. ಪುಣೆಯಲ್ಲಿ ಅದು ಯಾರಿಗೂ ಗೊತ್ತಿಲ್ಲ.

“ಇದು ಸಕ್ಕರಿ ಆರತಿ ಹೌದಲ್ಲವಾ?” ಅಂದೆ, ಕನ್ನಡದಲ್ಲಿ.

ಅವಳ ಕೈ ನಿಂತಿತು. ನನ್ನ ಕಡೆ ತಿರುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ತುಕ್ಕು ಹಿಡಿದ ದನಿಯಲ್ಲಿ, “ಹೌದ್ರಿ. ಹುಣ್ಣಿವಿ ಬಂತು. ಅಚ್ಚು ಎಲ್ಲಿ ಇಟ್ಟಾರೋ ಏನೋ” ಅಂದಳು.

ನಾನು ಅಲ್ಲೇ ಅತ್ತುಬಿಟ್ಟೆ. ತಾಯಿ ಓಡಿ ಬಂದರು. ಕನ್ನಡ, ಇದು ಕನ್ನಡ, ನಮ್ಮ ಕಡೆಯ ಕನ್ನಡ ಅಂತ ನಾನು ಅವರಿಗೆ ಮರಾಠಿಯಲ್ಲಿ ಹೇಳುತ್ತಿದ್ದೆ. ತಾಯಿ ತಲೆಯ ಮೇಲೆ ಕೈಯಿಟ್ಟುಕೊಂಡು ನೆಲದ ಮೇಲೆ ಕೂತರು. ನಿಗಡಿ, ಆಕುರ್ಡಿ, ಚಿಂಚವಾಡ, ಎಲ್ಲಿ ನೋಡಿದಲ್ಲಿ ಕನ್ನಡದವರಿದ್ದೇವೆ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಕಾರ್ಖಾನೆಯಲ್ಲಿ. ಹೊರಗೆ ಬಂದರೆ ಎಲ್ಲರೂ ಮರಾಠಿ ಆಡುತ್ತೇವೆ. ಹಾಗಾಗಿ ಅಷ್ಟು ವರ್ಷ ಆ ಹೆಂಗಸಿನ ಕಿವಿಗೆ ತನ್ನ ಮಾತು ಬಿದ್ದೇ ಇರಲಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ತಪ್ಪದೆ ಹೋಗತೊಡಗಿದೆ. ಚಳಿಗಾಲವೆಲ್ಲ ಅವಳ ಪಕ್ಕದಲ್ಲಿ ಕೂತು ಮಾತಾಡಿಸಿದೆ. ಒಂದು ದಿನ ನಾಲ್ಕು ಮಾತು ಆಡಿದರೆ ಮುಂದಿನ ಸಲ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಕೆರೆಯ ದಂಡೆ, ಹತ್ತಿಯ ಹೊಲ, ಹಿಟ್ಟಿನ ಗಿರಣಿ, “ಅವ್ವ ಬೈತಾಳ” ಅನ್ನುವುದು, ಇಷ್ಟೇ. ಗಂಡನ ಬಗ್ಗೆ ಕೇಳಿದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಸಂಕ್ರಾಂತಿಗೆ ನಾನು ಎಳ್ಳು ಬೆಲ್ಲ ಕೊಟ್ಟಾಗ, ಅಂಗೈಯಲ್ಲಿ ಅದನ್ನು ನೋಡುತ್ತ, ಕೇಳದಿದ್ದರೂ ತಾನಾಗಿಯೇ ಊರಿನ ಹೆಸರು ಹೇಳಿದಳು. ಗದಗಿನ ಆಚೆಯ ಒಂದು ಸಣ್ಣ ಹಳ್ಳಿ.

ಧಾರವಾಡದಲ್ಲಿ ನನ್ನ ಅಣ್ಣ ಹೈಸ್ಕೂಲ್ ಮಾಸ್ತರರು. ಅವರಿಗೆ ಫೋನು ಮಾಡಿದೆ. ಆ ಕಡೆಯ ಜನರನ್ನು ಹಿಡಿದು ಅವರು ವಿಚಾರಿಸಿದರು. ಆ ಊರಿನಲ್ಲಿ, ಹಿಂದೆ ಯಾವಾಗಲೋ ಅಕ್ಕ ಮನೆಯಿಂದ ಕಾಣೆಯಾಗಿದ್ದ ಒಬ್ಬ ಮನುಷ್ಯ ಇದ್ದಾನೆ, ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಾನೆ ಅಂತ ತಿಳಿಯಿತು. ಅಣ್ಣ ತಾವೇ ಹೋಗಿ ಅವನನ್ನು ಕಂಡು ಬಂದರು. ಅವನು ಬೇಸಿಗೆಯಲ್ಲಿ ಬಂದು ನೋಡುತ್ತೇನೆ ಅಂದನಂತೆ.

ನನಗೆ ಆ ದಿನಗಳಲ್ಲಿ ನಿದ್ದೆಯೇ ಇಲ್ಲ. ಮಾವಶಿಗೆ ಒಂದು ಹೊಸ ಸೀರೆ ಕೊಂಡೆ, ಇಳಕಲ್ ದಡಿಯದು. ಆಕೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಊರಿಗೆ ಹೋಗುವುದನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದೆನೋ. ತಾಯಿ ಮಾತ್ರ, “ಅಷ್ಟು ಹಿಗ್ಗಬೇಡಿ” ಅಂತ ಹೇಳುತ್ತಲೇ ಇದ್ದರು. ಹೊಟ್ಟೆಕಿಚ್ಚೇ ಇವರಿಗೆ, ಅಂತ ಒಂದು ಗಳಿಗೆ ನನಗೆ ಅನ್ನಿಸಿದ್ದೂ ಉಂಟು.

ಆ ಮನುಷ್ಯ ಬಂದ. ಬೆಳಿಗ್ಗೆ ಶಿವಾಜಿನಗರದ ಬಸ್ ಸ್ಟ್ಯಾಂಡಿಗೆ ಗಂಡ ಹೋಗಿ ಕರೆತಂದರು. ಬಿಳಿ ಅಂಗಿ, ಧೋತರ, ತಲೆಗೆ ಟೋಪಿ, ಕೈಯಲ್ಲಿ ಒಂದು ವಾಯರ್ ಚೀಲ. ನಮ್ಮ ಮನೆಯಲ್ಲಿ ಒಂದು ಕಪ್ ಚಹಾ ಮಾತ್ರ ಕುಡಿದ. ಅವಲಕ್ಕಿ ಇಟ್ಟರೆ, “ಬ್ಯಾಡ್ರಿ ಅಕ್ಕಾರ, ಗಂಟಲದಾಗ ಇಳಿಯಂಗಿಲ್ರಿ” ಅಂದ. ಆಕುರ್ಡಿಯ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಚೀಲವನ್ನು ಎದೆಗೆ ಅವಚಿಕೊಂಡಿದ್ದ.

ಮಾವಶಿ ಹೊಸ ಸೀರೆ ಉಟ್ಟು ಪೇರಲ ಗಿಡದ ನೆರಳಿನಲ್ಲಿ ಕೂತಿದ್ದಳು. ತಾಯಿ ಅವಳ ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದರು, ಹಣೆಗೆ ಕುಂಕುಮ ಇಟ್ಟಿದ್ದರು. ಅವನು ಗೇಟಿನ ಒಳಗೆ ಬಂದು ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವರಿಬ್ಬರನ್ನೂ ಒಟ್ಟಿಗೆ ನೋಡಿದ ಕೂಡಲೇ ನನಗೆ ಸಂಶಯ ಉಳಿಯಲಿಲ್ಲ. ಅದೇ ಅಗಲ ಹಣೆ, ಅದೇ ಕೂಡಿಕೊಂಡ ಹುಬ್ಬು, ಅದೇ ಮುಂದೆ ಬಂದ ಕೆಳದುಟಿ.

ಮಾವಶಿ ಅವನನ್ನು ದಿಟ್ಟಿಸಿದಳು. ನನ್ನ ಗಂಡನನ್ನು ಆಕೆ ಸಾಹೇಬ್ರ ಅನ್ನುತ್ತಿದ್ದಳು, ಹಾಲಿನವನನ್ನು ಕಾಕಾ ಅನ್ನುತ್ತಿದ್ದಳು. ಈಗ, ಅದುವರೆಗೂ ನಾವು ಅವಳ ಬಾಯಲ್ಲಿ ಕೇಳದ ಒಂದು ಮಾತು ಬಂತು.

“ತಮ್ಮಾ, ಬಿಸಲಾಗ ಬಂದಿಯಲ್ಲೋ. ಕೂಡು” ಅಂದಳು. ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು. “ಅವ್ವ ಉಂಡ್ಳನು?”

ಅವನು ಕೂಡಲಿಲ್ಲ. ನನ್ನ ಕಡೆ ತಿರುಗಿದ. ನನ್ನ ಮುಖ ನೋಡದೆ, ನನ್ನ ಭುಜದ ಆಚೆ ಎಲ್ಲೋ ನೋಡುತ್ತ ಹೇಳಿದ: “ಈಕಿ ನಮ್ಮಾಕಿ ಅಲ್ರಿ.”

“ಸರಿಯಾಗಿ ನೋಡ್ರಿ. ಭಾಳ ವರ್ಷ ಆಗ್ಯಾವ, ಬಡಕಲ ಆಗ್ಯಾಳ...” ಅಂದೆ.

“ಅಲ್ರಿ ಅಕ್ಕಾರ. ನೋಡೇನಿ. ಅಲ್ರಿ.”

ಅಷ್ಟು ಹೇಳಿ ಗೇಟಿನ ಕಡೆ ನಡೆದ. ಅಲ್ಲಿಗೆ ಹೋಗಿ ಮತ್ತೆ ನಿಂತ. ನಮ್ಮ ಕಡೆ ಬೆನ್ನು ಮಾಡಿಕೊಂಡೇ ಕೇಳಿದ: “ಇಲ್ಲಿ ರೊಟ್ಟಿ ಮಾಡ್ತಾರನ್ರಿ? ಆಕಿಗೆ ಅನ್ನ ಸೇರಂಗಿಲ್ರಿ.”

ತಾಯಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಅವನನ್ನು ಹಾಗೇ ಬಿಡಲು ನನ್ನಿಂದ ಆಗಲಿಲ್ಲ. ಗಂಡನ ಜೊತೆ ನಾನೂ ಶಿವಾಜಿನಗರಕ್ಕೆ ಹೋದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸಿಮೆಂಟಿನ ಬೆಂಚಿನ ಮೇಲೆ ಮೂವರೂ ಕೂತೆವು. ಸುತ್ತಲೂ ಕಂಡಕ್ಟರುಗಳ ಕೂಗು, ಸಾಮಾನಿನ ಗಲಾಟೆ. ನಾನು ಏನು ಕೇಳಬೇಕು ಅಂತ ಹೊಂದಿಸಿಕೊಳ್ಳುತ್ತಿರುವಾಗ ಅವನೇ ಶುರುಮಾಡಿದ.

“ನಮ್ಮಕ್ಕ ತೀರಿಕೊಂಡಾಳ್ರಿ. ಊರಾಗ ಎಲ್ಲಾರಿಗೂ ಹಂಗ ಗೊತ್ತೈತಿ. ಎರಡನೇ ಹೆರಿಗಿ ಆದಮ್ಯಾಲೆ ಕೂಸು ಉಳೀಲಿಲ್ಲ, ಆಕಿ ತಲಿ ಕೆಟ್ಟಿತು. ಗಂಡನ ಮನಿಯವರು ತಂದು ನಮ್ಮ ಮನಿಯಾಗ ಬಿಟ್ಟು ಹೋದರು. ಒಂದು ಸಂತಿ ದಿನ ಹೊರಗ ಹೋದಾಕಿ ತಿರುಗಿ ಬರಲಿಲ್ಲ. ಎಲ್ಲಾ ಕಡೆ ಹುಡುಕಿದಿವ್ರಿ. ಆಮ್ಯಾಲೆ ಕಾಲುವಿಯೊಳಗ ಒಂದು ಹೆಣ ಸಿಕ್ಕಿತು. ಮಾರಿ ಗೊತ್ತಾಗತಿರಲಿಲ್ಲ. ಅದ ಆಕಿ ಅಂತ ತಿಳದು ಮಣ್ಣ ಮಾಡಿದಿವಿ. ನಮ್ಮವ್ವ ಅದ ಕೊರಗಿನ್ಯಾಗ ಹೋದಳು.”

ಅವ್ವ ಉಂಡಳೇ ಅಂತ ಕೇಳಿದ್ದಳಲ್ಲ ಮಾವಶಿ. ನನಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

“ಅಕ್ಕನ ಗಂಡ ಬ್ಯಾರೆ ಮದುವಿ ಆಗ್ಯಾನ್ರಿ. ಅಕ್ಕನ ಮಗಳು ನನ್ನ ಹಂತೇಕ ಬೆಳದಾಳ. ಈಗ ಆಕಿ ಮದುವಿ ಗೊತ್ತಾಗೇತಿ, ಬರೂ ತಿಂಗಳ. ಹುಡುಗನ ಮನಿಯವರಿಗೆ ತಾಯಿ ಸತ್ತಾಳ ಅಂತ ಹೇಳೇವಿ. ಈಗ ನಾ ಹೋಗಿ, ಜೀವಂತ ಅದಾಳ್ರಿ, ತಲಿ ಕೆಟ್ಟೈತಿ, ಪುಣೆದಾಗ ಸಿಕ್ಕಳು ಅಂತ ಹ್ಯಾಂಗ ಹೇಳಲಿ? ಆ ಹುಡಿಗಿ ಗತಿ ಏನು? ನೀವ ಹೇಳ್ರಿ ಅಕ್ಕಾರ. ನೀವು ಹೆಂಗ ಹೇಳ್ತೀರಿ ಹಂಗ ಮಾಡತೀನಿ.”

ಅವನು ನಿಜವಾಗಿಯೂ ಕೇಳುತ್ತಿದ್ದ. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತ, ನನ್ನ ಬಾಯಿಂದ ಏನು ಬರುತ್ತದೋ ಅಂತ ಕಾಯುತ್ತಿದ್ದ. ಕರೆದುಕೊಂಡು ಹೋಗು ಅಂದಿದ್ದರೆ ಹೋಗುತ್ತಿದ್ದನೋ ಏನೋ. ನನಗೆ ಆ ಮಾತು ಬರಲಿಲ್ಲ. ಬೇಡ ಅನ್ನುವುದೂ ಬರಲಿಲ್ಲ. ಆ ಹುಡುಗಿಯನ್ನು ನಾನು ನೋಡಿರಲಿಲ್ಲ, ಆದರೆ ಅವಳ ಹಣೆಯೂ ಅಗಲವಾಗಿರಬೇಕು, ಹುಬ್ಬು ಕೂಡಿರಬೇಕು ಅಂತ ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ನನ್ನ ಗಂಡ ಅವನ ಬೆನ್ನ ಮೇಲೆ ಕೈಯಿಟ್ಟರು. ಬಸ್ಸು ಬಂತು. ಅವನು ವಾಯರ್ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತೆಗೆದು ನನ್ನ ಕೈಗಿಟ್ಟ. “ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಮನಿಯಾಗ ಮಾಡಿಸಿಕೊಂಡು ಬಂದಿದ್ದೆ. ಆಕಿಗೆ ಕೊಡ್ರಿ” ಅಂದು ಹತ್ತಿಹೋದ.

ಮರುದಿನ ಗಂಟು ಒಯ್ದೆ. ಮಾವಶಿ ರೊಟ್ಟಿಯನ್ನು ಮುರಿದು, ಆ ಹಿಂಡಿಯ ಚಟ್ನಿ ಹಚ್ಚಿ, ಒಂದು ಚೂರೂ ಬಿಡದೆ ತಿಂದಳು. “ತಮ್ಮ ಎಲ್ಲಿ ಹೋದ?” ಅಂದಳು.

“ಊರಿಗೆ ಹೋದನವಾ. ಹೊಲದ ಕೆಲಸ ಅದ ಅಂತ” ಅಂದೆ.

“ಹುಣ್ಣಿವಿಗೆ ಬರತಾನ” ಅಂದಳು, ನನ್ನನ್ನು ಸಮಾಧಾನ ಮಾಡುವವಳ ಹಾಗೆ.

ನಾನು ತಾಯಿಯ ಮೇಲೆ ಹರಿಹಾಯ್ದೆ. ಪೊಲೀಸರಿಗೆ ಹೇಳೋಣ, ತಮ್ಮನೇ ಅಂತ ನಮ್ಮೆಲ್ಲರಿಗೂ ಗೊತ್ತಲ್ಲ, ಕಾನೂನು ಅಂತ ಒಂದಿಲ್ಲವೇ ಅಂದೆ. ತಾಯಿ ಬಟ್ಟೆ ಮಡಚುತ್ತಿದ್ದರು. “ಒತ್ತಾಯದಿಂದ ಮನೆಗೆ ಕಳಿಸಿದವರನ್ನು ನೋಡಿದ್ದೇನೆ” ಅಂದರು. “ಸ್ವಲ್ಪ ದಿನ ಕಳೆದ ಮೇಲೆ ಮತ್ತೆ ಯಾವುದೋ ಸ್ಟೇಷನ್ನಿನಲ್ಲಿ ಸಿಗುತ್ತಾರೆ. ಆಗ ಅವರು ನಮ್ಮನ್ನೂ ಗುರುತಿಸುವುದಿಲ್ಲ.” ನಾನೂ ಕೂತು ಉಳಿದ ಬಟ್ಟೆ ಮಡಚತೊಡಗಿದೆ.

ಆಮೇಲಿನ ವರ್ಷಗಳಲ್ಲಿ ಪ್ರತಿ ದೀಪಾವಳಿಗೂ ನಮ್ಮ ನಾನಖಟಾಯಿ ಆಕುರ್ಡಿಯ ಆ ಪಡಸಾಲೆಯಲ್ಲೇ ಆಯಿತು. ನಮ್ಮ ಕಟ್ಟಡದ ಹೆಂಗಸರೂ ಕೆಲವರು ಬರತೊಡಗಿದರು. ಮಾವಶಿ ಮೊದಲಿನಷ್ಟು ಮೌನವಾಗಿರಲಿಲ್ಲ. ಉಳಿದವರಿಗೆ ಉಂಡೆ ಕಟ್ಟುವುದನ್ನು ಕನ್ನಡದಲ್ಲಿ ಬೈದು ಬೈದು ಕಲಿಸುತ್ತಿದ್ದಳು. ಅವಳಿಗಾಗಿ ಧಾರವಾಡದಿಂದ ಸಕ್ಕರೆ ಗೊಂಬೆಯ ಮರದ ಅಚ್ಚು ತರಿಸಿಕೊಟ್ಟೆ. ಗೌರಿ ಹುಣ್ಣಿಮೆಯ ದಿನ ಆಕೆ ಗೇಟಿನ ಹತ್ತಿರ ಹೋಗಿ ನಿಂತಿರುತ್ತಿದ್ದಳು ಅಂತ ತಾಯಿ ಹೇಳುತ್ತಿದ್ದರು. ಆ ದಿನ ಮಾತ್ರ ನಾನು ಅಲ್ಲಿಗೆ ಹೋಗುತ್ತಿರಲಿಲ್ಲ. ಹೋಗಲು ಆಗುತ್ತಿರಲಿಲ್ಲ.

ಹಾಗೆ ನಡೆದುಕೊಂಡು ಹೋಗುತ್ತಿದ್ದಾಗ ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳು ಎದ್ದವು. ನಮ್ಮ ಕಡೆಯ ಜಾಗದ ಬೆಲೆಗೆಲ್ಲ ರೆಕ್ಕೆ ಬಂತು. ಹಳಿಯ ಆಚೆ ಬರೀ ಗಿಡಗಂಟಿ ಇದ್ದಲ್ಲಿ ಫ್ಲಾಟುಗಳು ಬಂದವು. ತಾಯಿಗೆ ಮನೆ ಬಿಟ್ಟುಕೊಟ್ಟಿದ್ದ ಹಿರಿಯರು ತೀರಿಕೊಂಡರು. ಅವರ ಮಕ್ಕಳು ಮರ್ಯಾದಸ್ತರೇ. ಬೇರೆ ಜಾಗ ನೋಡಿಕೊಳ್ಳಿ ಅಂತ ಸಾಕಷ್ಟು ಸಮಯ ಕೊಟ್ಟರು. ನಾವು ನೋಡಿದೆವು ಕೂಡ. ನಾನು, ನನ್ನ ಗಂಡ, ತಾಯಿ ಸೇರಿ ಎಷ್ಟು ಮನೆಗಳ ಬಾಗಿಲು ತಟ್ಟಿದೆವೋ. ಮಾತು ಚೆನ್ನಾಗಿಯೇ ಶುರುವಾಗುತ್ತಿತ್ತು. ಯಾರಿರುತ್ತಾರೆ ಅಂತ ಹೇಳಿದ ಕೂಡಲೇ ಮನೆಯವರ ಮುಖ ಬದಲಾಗುತ್ತಿತ್ತು. ಅಷ್ಟರಲ್ಲಿ ತಾಯಿಗೆ ಮೊಣಕಾಲು ಹಿಡಿದುಕೊಂಡಿತು, ಬೆನ್ನು ಬಾಗಿತು. “ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ” ಅಂತ ಅವರ ಬಾಯಿಂದ ಬಂದ ದಿನ, ಇದು ಮುಗಿಯಿತು ಅಂತ ನನಗೆ ತಿಳಿಯಿತು.

ಮಾವಶಿಯನ್ನು ನಮ್ಮ ಮನೆಗೆ ಕರೆತರೋಣವೇ ಅಂತ ಗಂಡನನ್ನು ಕೇಳಿದೆ. ಅವರು ಬೇಡ ಅನ್ನಲಿಲ್ಲ. ಒಂದು ವಾರ ಕರೆತಂದೆವು. ಮೊದಲ ದಿನ ಸುಮ್ಮನಿದ್ದಳು. ಆಮೇಲೆ ಬಾಗಿಲು ಬಡಿಯತೊಡಗಿದಳು, ಊಟ ಬಿಟ್ಟಳು, ಮೂರನೇ ಮಹಡಿಯ ಗ್ಯಾಲರಿಯ ಕಟ್ಟೆ ಹತ್ತಿದಳು. ನನ್ನ ಗಂಡ ಹಿಡಿದೆಳೆಯದಿದ್ದರೆ ಏನಾಗುತ್ತಿತ್ತೋ. ಅವಳಿಗೆ ಬೇಕಾಗಿದ್ದದ್ದು ಆ ಅಂಗಳ, ಆ ಪಡಸಾಲೆ. ನಾನು ಗೋಡೆಗೆ ಒರಗಿ ಕೂತು ಅಳುತ್ತಿದ್ದೆ, ಅವಳು ಎದುರಿನ ಗೋಡೆಗೆ ಒರಗಿ ಕೂತು ಅಳುತ್ತಿದ್ದಳು. ಮರಳಿ ಬಿಟ್ಟು ಬಂದೆವು.

ಮನೆ ಕೆಡಹುವ ಮೊದಲು ತಾಯಿ ಎಲ್ಲರನ್ನೂ ಬೇರೆ ಬೇರೆ ಕಡೆ ಕಳಿಸಿದರು. ಮಾವಶಿ ಹೋದದ್ದು ದೂರದ ಊರಿನ ಒಂದು ದೊಡ್ಡ ಸಂಸ್ಥೆಗೆ. ಮುಂದಿನ ದೀಪಾವಳಿಗೆ ನಾವಿಬ್ಬರೂ ಬಸ್ಸಿನಲ್ಲಿ ಅಲ್ಲಿಗೆ ಹೋದೆವು. ಎತ್ತರದ ಗೋಡೆ, ಸ್ವಚ್ಛವಾದ ಅಂಗಳ. ಕಿಟಕಿಯ ಹಿಂದಿನ ಹುಡುಗಿ, “ನೀವು ಪೇಷಂಟಿಗೆ ಏನಾಗಬೇಕು?” ಅಂತ ಕೇಳಿದಳು.

ನಾನು ಗಂಡನ ಮುಖ ನೋಡಿದೆ. “ಪರಿಚಯದವರು” ಅಂದೆ.

“ರಕ್ತಸಂಬಂಧಿಗಳಿಗೆ ಮಾತ್ರ ಭೇಟಿ” ಅಂದಳು. ಗದರಲಿಲ್ಲ, ನಿಯಮ ಹೇಳಿದಳು ಅಷ್ಟೇ. ಬಹಳ ಬೇಡಿಕೊಂಡ ಮೇಲೆ, ದೂರದಿಂದ ನೋಡಿ ಹೋಗಿ ಅಂತ ಒಬ್ಬ ಹಿರಿಯ ಆಯಾ ಒಳಗೆ ಕರೆದುಕೊಂಡು ಹೋದಳು. ಉದ್ದನೆಯ ಕೋಣೆ. ಒಂದೇ ಬಣ್ಣದ ಬಟ್ಟೆ ಹಾಕಿದ ಹೆಂಗಸರು ಸಾಲಾಗಿ ಕೂತು ಊಟ ಮಾಡುತ್ತಿದ್ದರು. ತಟ್ಟೆಯಲ್ಲಿ ಅನ್ನ ಇತ್ತು. ಮಾವಶಿ ನನ್ನ ಕಡೆ ಒಮ್ಮೆ ನೋಡಿ, ಮತ್ತೆ ತಟ್ಟೆಯ ಕಡೆ ತಿರುಗಿದಳು. “ಈಕೆ ರೊಟ್ಟಿ ತಿನ್ನುವವಳು, ಕನ್ನಡ ಮಾತಾಡುತ್ತಾಳೆ” ಅಂತ ಆಯಾಗೆ ಹೇಳಿದೆ. ಆಕೆ ತಲೆ ಆಡಿಸಿದಳು. ಆ ಕೋಣೆಯಲ್ಲಿ ಅಷ್ಟು ಜನರಿಗೆ ಒಬ್ಬಳೇ ಆಯಾ. ಅವಳಾದರೂ ಎಷ್ಟು ಅಂತ ನೆನಪಿಟ್ಟುಕೊಳ್ಳಬೇಕು?

ಎರಡನೇ ಸಲ ಹೋದಾಗ, ಆಕೆಯನ್ನು ಬೇರೆ ಕಡೆಗೆ ವರ್ಗ ಮಾಡಿದ್ದಾರೆ ಅಂದರು. ಎಲ್ಲಿಗೆ ಅಂದರೆ, ಹೊರಗಿನವರಿಗೆ ಹೇಳುವ ಹಾಗಿಲ್ಲ. ಅಣ್ಣನ ಮೂಲಕ ಮಾವಶಿಯ ತಮ್ಮನಿಗೆ ಹೇಳಿಸಿದೆ. ರಕ್ತಸಂಬಂಧಿ ಅಂತ ಅವನೊಬ್ಬ ಬಂದು ಕೇಳಿದರೆ ಹೇಳುತ್ತಾರೆ. ಅವನು ಅಣ್ಣನಿಗೆ ಊಟ ಹಾಕಿ ಕಳಿಸಿದನಂತೆ. ಅಕ್ಕನ ಮಗಳಿಗೆ ಗಂಡು ಮಗುವಾಗಿದೆ ಅಂತ ಪೇಢೆಯನ್ನೂ ಕೊಟ್ಟನಂತೆ. ಬಂದು ಕೇಳುವ ವಿಷಯಕ್ಕೆ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ತಾಯಿ ಈಗ ಸಾಂಗ್ಲಿಯಲ್ಲಿ ತಮ್ಮ ತಂಗಿಯ ಮಗಳ ಹತ್ತಿರ ಇದ್ದಾರೆ. ಹಬ್ಬಕ್ಕೆ ಫೋನು ಮಾಡುತ್ತೇನೆ. ಎತ್ತಿದ ಕೂಡಲೇ, “ಏನಾದರೂ ತಿಳಿಯಿತಾ?” ಅನ್ನುತ್ತಾರೆ. “ಇಲ್ಲ ತಾಯಿ” ಅನ್ನುತ್ತೇನೆ. ಆಮೇಲೆ ಅವರು ತಮ್ಮ ಮೊಣಕಾಲಿನ ವಿಷಯ ತೆಗೆಯುತ್ತಾರೆ. ನಾನು ನನ್ನ ಸೊಂಟದ ವಿಷಯ ಹೇಳುತ್ತೇನೆ.